ಬದನೆ ಎಲೆ ಬರೆಯಲು ಕಲಿತ ಬೇಸಿಗೆ

ಮೂವತ್ತೈದು ವರ್ಷಗಳಿಂದ ಬದನೆ ಬೆಳೆಯುತ್ತಿದ್ದೇನೆ. ಆದರೆ ಬದನೆ ಎಲೆ ಹೇಗಿರುತ್ತದೆ ಎಂದು ನನಗೆ ಗೊತ್ತಿರಲಿಲ್ಲ! ಇದು ಬಯಲಾದದ್ದು 2024ರ ಏಪ್ರಿಲ್‌ನಲ್ಲಿ, ನನ್ನ 56ನೆಯ ವಯಸ್ಸಿನಲ್ಲಿ, ಮೊಮ್ಮಗಳ ಎದುರಿಗೆ.

ಮಗಳ ಮಗಳು ಎಂಟನೆ ಇಯತ್ತೆ ಮುಗಿಸಿ ಗದಗದಿಂದ ರಜೆಗೆ ಬಂದಿದ್ದಳು. ಕೈಯಲ್ಲಿ ಹನ್ನೆರಡು ಬಣ್ಣದ ಡಬ್ಬಿ, ಎರಡು ಕುಂಚ, ಒಂದು ಚಿತ್ರದ ವಹಿ. ಮಧ್ಯಾಹ್ನ ಊಟ ಆದ ಮೇಲೆ ಪಡಸಾಲೆಯಲ್ಲಿ ಬಣ್ಣ ಹರವಿಕೊಂಡು ಕೂತವಳು, ಸಂಡಿಗೆ ಒಣಹಾಕಿ ಬಂದ ನನ್ನನ್ನು ಕರೆದಳು. “ಆಯಿ, ನೀ ಒಂದು ಎಲಿ ಬರಿ ನೋಡೂಣು.” ನಾನು ಹೆಮ್ಮೆಯಿಂದಲೇ ಬದನೆ ಎಲೆ ಬರೆದೆ. ಅವಳು ಬಿದ್ದು ಬಿದ್ದು ನಕ್ಕಳು. “ಇದು ಬದನಿ ಎಲಿ ಅಲ್ಲ ಆಯಿ, ವೀಳ್ಯದೆಲಿ!”

ಹಿತ್ತಲಿಗೆ ಹೋಗಿ ಒಂದು ಎಲೆ ಹರಿದು ತಂದೆ. ಅಂಚು ನೆಟ್ಟಗಿಲ್ಲ, ಅಂಕುಡೊಂಕು. ತೊಟ್ಟಿನ ಹತ್ತಿರ ಒಂದು ಮಗ್ಗಲು ಮೇಲೆ, ಇನ್ನೊಂದು ಮಗ್ಗಲು ಕೆಳಗೆ; ಎರಡೂ ಸಮ ಇಲ್ಲವೇ ಇಲ್ಲ. ನಡುದಿಂಡಿನ ಮೇಲೆ ನೇರಳೆ ಛಾಯೆ. ಇಷ್ಟು ವರ್ಷ ನೋಡಿದ್ದು ಏನನ್ನು ಹಾಗಾದರೆ? ಕಾಯಿಯನ್ನು ಮಾತ್ರ.

ಒಂಬತ್ತು ಗುಂಟೆ, ಒಂದು ಬರಗಾಲ

ನಮ್ಮದು ಹುಬ್ಬಳ್ಳಿ-ಧಾರವಾಡ ನಡುವಿನ ಉಣಕಲ್. ಸಿದ್ಧಪ್ಪಜ್ಜನ ಮಠ, ಚಾಲುಕ್ಯರ ಕಾಲದ ಚಂದ್ರಮೌಳೇಶ್ವರ ಗುಡಿ, ನೂರು ವರ್ಷ ದಾಟಿದ ಕೆರೆ ಇರುವ ಊರು. ಈಗ ಊರೆನ್ನುವುದು ಹೆಸರಿಗೆ. ಅವಳಿ ನಗರದ ಒಂದು ಓಣಿ ಅಷ್ಟೆ. 2018ರಿಂದ ನಮ್ಮ ಮುಂದೆಯೇ ಚಿಗರಿ ಬಸ್ಸು ಓಡುತ್ತಿದೆ. ಬಿಳಿಜೋಳ, ಗೋಧಿ, ಕಡಲೆ ಬೆಳೆಯುತ್ತಿದ್ದ ನಮ್ಮ ನಾಲ್ಕು ಎಕರೆ ಎರೆ ಹೊಲ ಇಪ್ಪತ್ತು ವರ್ಷದ ಹಿಂದೆಯೇ ಮನೆಗಳ ಲೇಔಟ್ ಆಯಿತು. ಉಳಿದದ್ದು ಹಳೇ ಮನೆ, ಅದರ ಬೆನ್ನಿಗಿರುವ ಒಂಬತ್ತು ಗುಂಟೆ ಹಿತ್ತಲ. ಆ ಒಂಬತ್ತು ಗುಂಟೆಯಿಂದಲೇ ನಾನು ಇನ್ನೂ ರೈತಳು.

ಆ ಬೇಸಿಗೆ ಸಾಮಾನ್ಯ ಬೇಸಿಗೆಯಾಗಿರಲಿಲ್ಲ. 2023ರ ಮುಂಗಾರು ಕೈಕೊಟ್ಟಿತ್ತು. ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಎಂದು ಸರ್ಕಾರವೇ ಘೋಷಿಸಿತ್ತು. ನಮ್ಮ ಬಾವಿಯಲ್ಲಿ ಏಪ್ರಿಲ್ ಹೊತ್ತಿಗೆ ಎರಡು ಅಡಿ ನೀರು. ಬೆಳಿಗ್ಗೆ ಎಂಟು ಕೊಡ ಸೇದಿದರೆ ರಾಡಿ ಬರುತ್ತಿತ್ತು. ಮತ್ತೆ ಊರಿ ನಿಲ್ಲಲು ಮಾರನೆ ದಿನವೇ ಬೇಕು.

ಇನ್ನೊಂದು ಬರ ಮನೆಯೊಳಗಿತ್ತು. ಹಿಂದಿನ ವರ್ಷ ಯಜಮಾನರ ಎರಡೂ ಮೊಣಕಾಲಿಗೆ ಆಪರೇಷನ್ ಆಗಿ ಸಾಲ ನಿಂತಿತ್ತು. ಪುಣೆಯಲ್ಲಿರುವ ಮಗ ತಿಂಗಳು ತಿಂಗಳು ಬಡ್ಡಿ ಕಟ್ಟುತ್ತಿದ್ದ. ಹಿತ್ತಲಿನ ಪೂರ್ವಕ್ಕೆ ಹೊಸ ರಸ್ತೆ ಆದದ್ದರಿಂದ ಕೊಳ್ಳುವವರು ತಾವಾಗಿಯೇ ಬಂದು ಕೇಳುತ್ತಿದ್ದರು. ಮತದಾನಕ್ಕೆ ಮೇ 7ಕ್ಕೆ ಬರುವವನಿದ್ದ ಮಗ, ಬಸವ ಜಯಂತಿ ಮುಗಿಸಿ ಹೋಗುವುದರೊಳಗೆ ರಸ್ತೆ ಕಡೆಯ ನಾಲ್ಕು ಗುಂಟೆ ಕೊಟ್ಟುಬಿಡುವುದೆಂದು ಫೋನಿನಲ್ಲೇ ಹೇಳಿದ್ದ. ಯಜಮಾನರು ಹೂಂ ಅಂದಿದ್ದರು. ನಾನು ಏನೂ ಅಂದಿರಲಿಲ್ಲ. ಸಾಲ ಸುಳ್ಳಲ್ಲವಲ್ಲ.

ಇಂಥ ಹೊತ್ತಿನಲ್ಲಿ ಚಿತ್ರ ಕಲಿಯುವ ಹುಚ್ಚು ಹತ್ತಿತು.

ತರಕಾರಿಗೆ ಪಾಠ

ಹುಚ್ಚು ಹೊಸದಲ್ಲ. ಏಳನೆ ಇಯತ್ತೆಯಲ್ಲಿದ್ದಾಗ ಶಾಲೆಯ ಡ್ರಾಯಿಂಗ್ ಮಾಸ್ತರು ನನ್ನನ್ನು ಲೋಯರ್ ಗ್ರೇಡ್ ಪರೀಕ್ಷೆಗೆ ಕೂಡ್ರಿಸಬೇಕೆಂದು ಅಪ್ಪನಿಗೆ ಹೇಳಿ ಕಳಿಸಿದ್ದರು. ಫೀ, ಬಣ್ಣ, ಕುಂಚ ಎಂದು ಲೆಕ್ಕ ಕೇಳಿದ ಅಪ್ಪ, “ರಂಗೋಲಿ ಬರತೈತಿಲ್ಲೊ, ಸಾಕು” ಅಂದರು. ಅಲ್ಲಿಗೆ ಮುಗಿಯಿತು.

ನಮ್ಮ ಹಿಂದಿನ ಹೊಲ ಇದ್ದ ಲೇಔಟಿನಲ್ಲಿ ನಿವೃತ್ತ ಚಿತ್ರಕಲಾ ಶಿಕ್ಷಕರೊಬ್ಬರ ಮನೆ ಇದೆ. ನಮ್ಮ ಕಡಲೆ ಬೆಳೆಯುತ್ತಿದ್ದ ಜಾಗವೇ ಅವರ ಪಡಸಾಲೆ! ಎಂದೂ ಮಾತಾಡಿಸಿರಲಿಲ್ಲ. ಮೊಮ್ಮಗಳನ್ನು ಕರೆದುಕೊಂಡು ಹೋಗಿ, ಹುಡುಗಿಗೆ ಒಂದಷ್ಟು ಹೇಳಿಕೊಡಿ ಎಂದು ಕೇಳಿದೆ. ಅವರು ವಹಿ ತಿರುವಿ ನನ್ನ ವೀಳ್ಯದೆಲೆ ಬದನೆಯನ್ನು ನೋಡಿದರು. “ಇದನ್ನ ಬರದವ್ರು ಯಾರ್ರಿ?” ಎಂದರು. ಮೊಮ್ಮಗಳು ನನ್ನತ್ತ ಬೊಟ್ಟು ಮಾಡಿದಳು. “ಅಕ್ಕಾರ, ಕೈ ಛಲೋ ಐತಿ. ಕಣ್ಣು ಕೆಲಸಾ ಮಾಡಿಲ್ಲ. ನೀವೂ ಬರ್ರಿ.”

ಫೀ ಬೇಡ ಎಂದರು. ಬಿಟ್ಟಿ ಪಾಠ ನನಗೂ ಬೇಡವಾಗಿತ್ತು. ದಿನಾ ಸಂಜೆ ಐದರಿಂದ ಆರು ಪಾಠ, ಅದಕ್ಕೆ ಬದಲಾಗಿ ಎರಡು ದಿನಕ್ಕೊಮ್ಮೆ ಅವರ ಮನೆಗೆ ಪಲ್ಲೆ, ಕಾಯಿ. ಹೀಗೆ ಒಪ್ಪಂದವಾಯಿತು.

ನಮ್ಮ ಸೀಮೆಗೆ ಚಿತ್ರಕಲೆ ಹೊಸದಲ್ಲ ಎಂದು ಅವರು ಹೇಳುತ್ತಿದ್ದರು. ಮುಂಬಯಿಯ ಜೆ.ಜೆ. ಕಲಾಶಾಲೆಯಲ್ಲಿ ಕಲಿತು ಬಂದ ಡಿ.ವಿ. ಹಾಲಭಾವಿ ಧಾರವಾಡದಲ್ಲಿ ಚಿತ್ರಕಲಾ ಶಾಲೆ ಕಟ್ಟಿದರು; ಗದಗಿನಲ್ಲಿ ಟಿ.ಪಿ. ಅಕ್ಕಿ ವಿಜಯ ಕಲಾಮಂದಿರ ನಡೆಸಿದರು. ಇಂಥ ಶಾಲೆಗಳಲ್ಲಿ ಕಲಿತವರೇ ಉತ್ತರ ಕರ್ನಾಟಕದ ಹಳ್ಳಿ ಹಳ್ಳಿಯ ಶಾಲೆಗೆ ಡ್ರಾಯಿಂಗ್ ಮಾಸ್ತರಾಗಿ ಹೋದರು. ನನ್ನ ಏಳನೆ ಇಯತ್ತೆಯ ಮಾಸ್ತರೂ ಅಂಥವರೇ ಇದ್ದಿರಬೇಕು.

ದಿನಚರಿ

ಬೆಳಿಗ್ಗೆ ಐದಕ್ಕೆ ಎದ್ದು ಬಾವಿ ಸೇದುವುದು. ಆರೂವರೆಗೆ ನೀರು ಹಾಕಿ ಮುಗಿಯಬೇಕು. ಎಂಟರ ಮೇಲೆ ಹಾಕಿದ ನೀರು ಬಿಸಿಲಿನ ಪಾಲು. ಆಮೇಲೆ ರೊಟ್ಟಿ, ಪಲ್ಲೆ. ಹತ್ತರೊಳಗೆ ಅಟ್ಟದ ಮೇಲೆ ಸಂಡಿಗೆ, ಹಪ್ಪಳ, ಉಪ್ಪು ಹಚ್ಚಿದ ಮಾವಿನ ಹೋಳು ಒಣಹಾಕುವುದು. ವರ್ಷದ ಖಾರಪುಡಿಗೆ ತಂದ ಬ್ಯಾಡಗಿ ಮೆಣಸಿನಕಾಯಿಯ ತೊಟ್ಟು ಬಿಡಿಸುವುದು. ಮಧ್ಯಾಹ್ನ ಮಜ್ಜಿಗೆ ಕುಡಿದು, ಹಿಂದೆಲ್ಲ ಮಲಗುತ್ತಿದ್ದ ಹೊತ್ತಿನಲ್ಲಿ ಈಗ ಒಂದು ಎಲೆ ಬರೆಯುವುದು. ಸಂಜೆ ಪಾಠ. ಪಾಠ ಮುಗಿಸಿ ಬಂದು ಹೀರೆ ಬಳ್ಳಿ ನೋಡುವುದು.

ಹಿತ್ತಲಿನಲ್ಲಿ ಬೇಸಿಗೆಗೆ ನೀರು ಕಾಣುವುದು ಎರಡೇ ಗುಂಟೆ. ಬದನೆ, ಮೆಣಸು, ಹೀರೆ, ಹಾಗಲ, ಒಂದಿಷ್ಟು ಮೆಂತ್ಯೆ, ರಾಜಗಿರಿ, ಪುಂಡಿಪಲ್ಲೆ. ಎರೆ ಮಣ್ಣು ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರುಕು ಬಿಡುತ್ತದೆ. ಮೇಲೆ ಹಾಕಿದ ನೀರು ಬಿರುಕಿನೊಳಗೆ ಇಳಿದು ಬೇರಿಗೆ ಸಿಗದೆ ಹೋಗುತ್ತದೆ. ಅದಕ್ಕೇ ಬಳ್ಳಿಗಳ ಬುಡದಲ್ಲಿ ಹದಿನಾಲ್ಕು ಮಣ್ಣಿನ ಗಡಿಗೆ ಕುತ್ತಿಗೆ ಮಟ್ಟ ಹುಗಿದಿದ್ದೇನೆ. ಐದು ಲೀಟರಿನ ಗಡಿಗೆ. ಮೂರು ದಿನಕ್ಕೊಮ್ಮೆ ತುಂಬಿದರೆ ಸಾಕು. ಸುಣ್ಣ-ಬಣ್ಣ ಹಚ್ಚದ, ಒಸರುವ ಗಡಿಗೆಯೇ ಆಗಬೇಕು. ಬಾಯಿಗೆ ಮುಚ್ಚಳ, ಇಲ್ಲವಾದರೆ ಸೊಳ್ಳೆ. ಸುತ್ತ ಶೇಂಗಾ ಹೊಟ್ಟು, ಜೋಳದ ಕಣಿಕೆ ತುಂಡು ನಾಲ್ಕು ಬೆರಳು ದಪ್ಪ ಹೊದಿಸಿದರೆ ಬಿರುಕು ಬಿಡುವುದಿಲ್ಲ.

ಎಲೆ ಯಾವ ಕಡೆ ಮಡಚಿದೆ?

ಮೊದಲ ವಾರ ಮಾಸ್ತರು ಬಣ್ಣ ಮುಟ್ಟಗೊಡಲಿಲ್ಲ. ಪೆನ್ಸಿಲ್ ಮಾತ್ರ. ದಿನಕ್ಕೆ ಒಂದೇ ಎಲೆ. ಅವರ ನಿಯಮ ಒಂದೇ: ಹಾಳೆ ನೋಡುವುದಕ್ಕಿಂತ ಎಲೆಯನ್ನೇ ಹೆಚ್ಚು ಹೊತ್ತು ನೋಡಬೇಕು. “ನಿಮಗ ಗೊತ್ತಿದ್ದದ್ದು ಬರೀಬ್ಯಾಡ್ರಿ. ಕಂಡದ್ದು ಬರೀರಿ.”

ಆರನೆ ದಿನ ಮೆಣಸಿನ ಕುಡಿ ಬರೆಯಲು ಕೂತೆ. ನಮ್ಮ ಮೆಣಸಿನ ಗಿಡಕ್ಕೆ ಮಾರ್ಚ್‌ನಿಂದಲೇ ಮುರುಟು ಬಂದಿತ್ತು. ನಮ್ಮ ಕಡೆ ಇದಕ್ಕೆ ಮುರ್ಡಾ ಎನ್ನುತ್ತಾರೆ. ಅಂಗಡಿಯಲ್ಲಿ ಮುರ್ಡಾಕ್ಕೆ ಔಷಧಿ ಎಂದು ಕೇಳಿ ತಂದು ಎರಡು ಸಲ ಹೊಡೆದಿದ್ದೆ. ಒಂದಿಷ್ಟೂ ಬಗ್ಗಿರಲಿಲ್ಲ. ಕಿತ್ತು ಹಾಕಬೇಕೆಂದಿದ್ದೆ.

ಚಿತ್ರ ಬರೆಯುವಾಗ ಪೆನ್ಸಿಲ್ ನಿಂತಿತು. ಎಲೆಯ ಅಂಚನ್ನು ಮೇಲಕ್ಕೆ ಬಗ್ಗಿಸಿ ಬರೆಯಬೇಕೋ, ಕೆಳಕ್ಕೋ? ನೋಡಿದೆ. ಕೆಳಕ್ಕೆ. ತಲೆಕೆಳಗಾದ ದೋಣಿಯ ಹಾಗೆ. ತೊಟ್ಟು ಉದ್ದವಾಗಿ ಎಳೆದುಕೊಂಡಿದೆ. ಬರೆದದ್ದನ್ನು ಕೃಷಿ ಪದವಿ ಓದಿದ ತಮ್ಮನ ಮಗನಿಗೆ ತೋರಿಸಿದೆ. ಅವನೆಂದ, “ಅತ್ತೀ, ಚಿತ್ರದಾಗನ ಉತ್ತರಾ ಐತಿ. ಅಂಚು ಮ್ಯಾಲಕ್ಕ ಮಡಚಿದ್ರ ಥ್ರಿಪ್ಸ್ ನುಸಿ. ಕೆಳಕ್ಕ ಮಡಚಿದ್ರ ಮೈಟ್ ನುಸಿ. ನೀ ಹೊಡದದ್ದು ಥ್ರಿಪ್ಸಿನ ಔಷಧಿ.”

ಮಾಸ್ತರ ಭೂತಗನ್ನಡಿ ಹಿಡಿದು ಎಲೆಯ ಬೆನ್ನು ನೋಡಿದೆವು. ಕಣ್ಣಿಗೆ ಕಾಣದಷ್ಟು ಸಣ್ಣ ಬಿಳಿ ಚುಕ್ಕೆಗಳು ಹರಿದಾಡುತ್ತಿದ್ದವು. ಮೈಟ್ ಎಂಟು ಕಾಲಿನದು, ಜೇಡನ ಬಳಗ. ಕೀಟಕ್ಕೆಂದು ತಯಾರಾದ ಎಲ್ಲ ಔಷಧಿಯೂ ಅದಕ್ಕೆ ನಾಟುವುದಿಲ್ಲ. ತೀರಾ ಮುರುಟಿದ ಕುಡಿಗಳನ್ನು ಚಿವುಟಿ ಸುಟ್ಟೆ. ನೀರಿನಲ್ಲಿ ಬೆರೆಯುವ ಗಂಧಕದ ಪುಡಿ, ಲೀಟರಿಗೆ ಮೂರು ಗ್ರಾಂ, ಎಲೆಯ ಬೆನ್ನಿಗೆ ಬೀಳುವಂತೆ ಹೊಡೆದೆ. ಬಿಸಿಲು ಹೊತ್ತಿನಲ್ಲಿ ಗಂಧಕ ಹೊಡೆದರೆ ಎಲೆ ಸುಡುತ್ತದೆ. ಸಂಜೆ ತಂಪಾದ ಮೇಲೆಯೇ ಹೊಡೆಯಬೇಕು. ಹತ್ತು ದಿನ ಬಿಟ್ಟು ಇನ್ನೊಮ್ಮೆ. ಮೂವತ್ತು ಗಿಡಗಳಲ್ಲಿ ಇಪ್ಪತ್ತಮೂರು ಚಿಗುರಿದವು. ಉಳಿದ ಏಳು ಗಿಡ ಗಿಡ್ಡವಾಗಿ, ಗೊಂಚಲು ಗೊಂಚಲು ಎಲೆಯಾಗಿ ನಿಂತಿದ್ದವು. ಅವಕ್ಕೆ ವೈರಸ್ ತಗುಲಿತ್ತು. ಅದಕ್ಕೆ ಔಷಧಿಯಿಲ್ಲ, ಕಿತ್ತೆ.

ಅಂಚು ಮೇಲಕ್ಕೆ ಮಡಚಿದ್ದರೆ ಶೇಕಡಾ ಐದರ ಬೇವಿನ ಬೀಜದ ಕಷಾಯ ಹೊಡೆಯಬಹುದು. ಹತ್ತು ಲೀಟರ್ ನೀರಿಗೆ ಅರ್ಧ ಕಿಲೊ ಬೀಜದ ತಿರುಳು ಜಜ್ಜಿ ರಾತ್ರಿ ನೆನೆಸಿ, ಸೋಸಿ, ಒಂದಿಷ್ಟು ಸಾಬೂನು ಬೆರೆಸಬೇಕು.

ಹಸಿರು ಒಂದೇ ಅಲ್ಲ

ಎರಡನೆ ವಾರ ಬಣ್ಣ. ಡಬ್ಬಿಯಲ್ಲಿದ್ದ ಹಸಿರನ್ನು ಮಾಸ್ತರು ತೆಗೆದಿಟ್ಟುಕೊಂಡರು. ಹಳದಿ, ನೀಲಿ, ಚೂರು ಕೆಂಪು. ಇವುಗಳಿಂದಲೇ ಹಸಿರು ಮಾಡಬೇಕು. ಹಳದಿ ಹೆಚ್ಚಾದರೆ ಚಿಗುರು, ನೀಲಿ ಹೆಚ್ಚಾದರೆ ಬಲಿತ ಎಲೆ, ಕೆಂಪಿನ ಹನಿ ಬಿದ್ದರೆ ಧೂಳು ಕೂತ ಬೇಸಿಗೆಯ ಎಲೆ.

ಲಿಂಬೆ ಗಿಡದ ಚಿಗುರಿಗೆ ಬಂದಾಗ ಮತ್ತೆ ಕೈ ನಿಂತಿತು. ಎಳೆ ಎಲೆಯೆಲ್ಲ ಹಳದಿ, ನರಗಳು ಮಾತ್ರ ಹಸಿರು. ಹಸಿರು ಬಲೆಯನ್ನು ಹಳದಿ ಬಟ್ಟೆಯ ಮೇಲೆ ಹಾಸಿದಂತೆ. ಮೊಮ್ಮಗಳಿಗೆ ಚೆಂದ ಕಂಡಿತು. ನನಗೆ ಅನುಮಾನ. ಕೆಳಗಿನ ಹಳೇ ಎಲೆ ಮೊದಲು ಹಳದಿಯಾದರೆ ಸಾರಜನಕದ ಕೊರತೆ. ಮೇಲಿನ ಎಳೆ ಎಲೆ ಹಳದಿಯಾಗಿ ನರ ಹಸಿರು ಉಳಿದರೆ ಕಬ್ಬಿಣದ ಕೊರತೆ. ಓದಿದ್ದು ನೆನಪಿತ್ತು, ಗಿಡದಲ್ಲಿ ಕಂಡಿರಲಿಲ್ಲ. ಎರೆ ಮಣ್ಣಿನಲ್ಲಿ ಸುಣ್ಣದ ಅಂಶ ಹೆಚ್ಚು; ಕಬ್ಬಿಣ ಇದ್ದರೂ ಬೇರಿಗೆ ಸಿಗುವುದಿಲ್ಲ. ಮೇಲಾಗಿ ನೀರು ಕಡಿಮೆ ಎಂದು ಆ ವರ್ಷ ಬಟ್ಟೆ ಒಗೆದ ಸೋಪಿನ ನೀರನ್ನು ನಾನು ಲಿಂಬೆಗೇ ತಿರುಗಿಸಿದ್ದೆ! ಕ್ಷಾರದ ಮೇಲೆ ಕ್ಷಾರ.

ಆ ನೀರನ್ನು ಬಾಳೆಗೆ ಬಿಟ್ಟೆ. ಅದನ್ನೂ ಸೋಪು ಕಡಿಮೆ ಮಾಡಿ. ಲಿಂಬೆಗೆ ಲೀಟರ್ ನೀರಿಗೆ ಐದು ಗ್ರಾಂ ಅನ್ನಭೇದಿ, ಒಂದು ಗ್ರಾಂ ಸಿಟ್ರಿಕ್ ಆಮ್ಲ ಬೆರೆಸಿ ಸಂಜೆ ಸಿಂಪಡಿಸಿದೆ. ಎರಡನೆ ಸಿಂಪರಣೆಯ ನಂತರ ಬಂದ ಚಿಗುರಿಗೆ ನೀಲಿ ಬಣ್ಣ ತುಸು ಹೆಚ್ಚು ಬೇಕಾಯಿತು.

ಕುಂಚದ ಇನ್ನೊಂದು ಕೆಲಸ

ಹೀರೆ ಹೂವು ಸಂಜೆ ಅರಳುತ್ತದೆ. ಪಾಠ ಮುಗಿಸಿ ಬರುವ ಹೊತ್ತಿಗೆ ಸರಿಯಾಗಿ ಬಳ್ಳಿಯ ತುಂಬ ಹಳದಿ. ಬರೆಯಲು ಕೂತಾಗ ಎರಡು ಬಗೆ ಹೂವು ಬೇರೆ ಬೇರೆ ಬರೆಯಬೇಕಾಯಿತು. ಗೊಂಚಲಲ್ಲಿ ಬರುವುದು ಗಂಡು. ಬುಡದಲ್ಲಿ ಕಿರುಬೆರಳಷ್ಟು ಪುಟ್ಟ ಹೀರೆಕಾಯಿ ಇಟ್ಟುಕೊಂಡು ಒಂಟಿಯಾಗಿ ಬರುವುದು ಹೆಣ್ಣು. ಇದು ಯಾವ ರೈತಳಿಗೆ ಗೊತ್ತಿಲ್ಲ? ಆದರೆ ನಾಲ್ಕು ಸಂಜೆ ಅಲ್ಲೇ ಕೂತಾಗ ಕಂಡದ್ದು, ಹೂವಿಗೆ ಒಂದು ಹುಳವೂ ಬರುತ್ತಿಲ್ಲ. ಸುತ್ತ ಕಾಂಕ್ರೀಟು, ಹೂವಿನ ಗಿಡ ಇಲ್ಲ, ರಾತ್ರಿಯಿಡೀ ರಸ್ತೆ ದೀಪ. ಹತ್ತು ಹೆಣ್ಣು ಹೂವಿಗೆ ಮೂರು ಕಾಯಿ ಕಚ್ಚಿದರೆ ಹೆಚ್ಚು. ಉಳಿದವು ಹಳದಿಯಾಗಿ ಉದುರುತ್ತಿದ್ದವು. ನಾನು ಬಿಸಿಲಿನ ದೋಷ ಎಂದುಕೊಂಡಿದ್ದೆ.

ಬಣ್ಣ ತಾಗದ ಒಣ ಕುಂಚವನ್ನು ಗಂಡು ಹೂವಿಗೆ ಆಡಿಸಿ, ಪುಡಿ ಹತ್ತಿದ ಮೇಲೆ ಹೆಣ್ಣು ಹೂವಿನ ನಡುವಿಗೆ ಮುಟ್ಟಿಸಿದೆ. ಸಂಜೆ ಆರರಿಂದ ಏಳರೊಳಗೆ. ಕುಂಚ ಇಲ್ಲದವರು ಗಂಡು ಹೂವನ್ನೇ ಕಿತ್ತು ದಳ ಸರಿಸಿ ಹೆಣ್ಣಿಗೆ ಸವರಬಹುದು. ಮುಟ್ಟಿಸಿದ ಹೂವಿಗೆ ಮೊಮ್ಮಗಳು ನೂಲು ಕಟ್ಟಿದಳು. ಇಪ್ಪತ್ತೆರಡರಲ್ಲಿ ಹದಿನೇಳು ಕಾಯಿ ಕಚ್ಚಿದವು. ಹಾಗಲ ಬೆಳಿಗ್ಗೆ ಅರಳುತ್ತದೆ. ಅದಕ್ಕೆ ಬೆಳಿಗ್ಗೆ ಮಾಡಬೇಕು.

ದೊಡ್ಡ ಹೊಲಕ್ಕೆ ಇದು ಆಗದ ಮಾತು. ನಾಲ್ಕಾರು ಬಳ್ಳಿಯ ಹಿತ್ತಲಿಗೆ ಹತ್ತು ನಿಮಿಷದ ಕೆಲಸ.

ಹಿಂದಿನವರು ಬರೆದಿದ್ದರು

ಚಿತ್ರ ಎಂದರೆ ಗೋಡೆಗೆ ತೂಗುಹಾಕುವುದು ಎಂದು ನಾನು ತಿಳಿದಿದ್ದೆ. ಮಾಸ್ತರು ಬೇರೆ ಹೇಳಿದರು. ಕ್ಯಾಮೆರಾ ಬರುವ ಮೊದಲು ಗಿಡದ ಗುರುತು ಉಳಿದದ್ದು ಚಿತ್ರದಲ್ಲಿ. ನಮ್ಮ ಪಡುವಣ ಕರಾವಳಿಯ ಗಿಡಮರಗಳ ಚಿತ್ರ ಬರೆಸಿ ಡಚ್ಚರು ‘ಹೊರ್ತುಸ್ ಮಲಬಾರಿಕುಸ್’ ಎಂಬ ಹನ್ನೆರಡು ಸಂಪುಟಗಳನ್ನು 1678ರಿಂದ 1693ರವರೆಗೆ ಆಮ್‌ಸ್ಟರ್‌ಡ್ಯಾಮಿನಲ್ಲಿ ಅಚ್ಚು ಹಾಕಿಸಿದರು. ಅದರಲ್ಲಿ ಮಾಹಿತಿ ಕೊಟ್ಟವರಲ್ಲಿ ಇಟ್ಟಿ ಅಚ್ಯುತನ್ ಎಂಬ ನಾಡವೈದ್ಯರೂ ಇದ್ದರು.

ನಮ್ಮದೇ ಮಲೆನಾಡಿನ ದೀವರ ಹೆಂಗಸರು ಹಸೆ ಚಿತ್ತಾರ ಬರೆಯುವುದು ಹೊಲ-ಕಾಡಿನ ಬಣ್ಣದಿಂದಲೇ. ಕೆಮ್ಮಣ್ಣಿನ ಕೆಂಪು, ಅಕ್ಕಿಯ ಬಿಳಿ, ಸುಟ್ಟ ಅಕ್ಕಿಯ ಕಪ್ಪು, ಗುರಿಗೆ ಕಾಯಿಯ ಹಳದಿ. ಕುಂಚ ಪುಂಡಿ ನಾರಿನದು. ಪುಂಡಿ ನನ್ನ ಹಿತ್ತಲಲ್ಲೇ ಇದೆ! ಬಲಿತ ಗಿಡದ ಸಿಪ್ಪೆ ನೆನೆಸಿ, ಜಜ್ಜಿ, ನಾರು ಕಟ್ಟಿ ಒಂದು ಕುಂಚ ಮಾಡಿದೆ. ದಪ್ಪ ಗೆರೆಗೆ ಅಂಗಡಿ ಕುಂಚಕ್ಕಿಂತ ಅದೇ ವಾಸಿ. ಅರಿಷಿಣದ ಬಣ್ಣ ಹಚ್ಚಿ ಬಿಸಿಲಿಗಿಟ್ಟರೆ ಬೇಗ ಮಾಸುತ್ತದೆ, ಕೆಮ್ಮಣ್ಣು ಮಾಸುವುದಿಲ್ಲ. ಒಟ್ಟು ಖರ್ಚು ಒಂದು ಡಬ್ಬಿ ಬಣ್ಣ, ಎರಡು ವಹಿ, ಮೂರು ಕುಂಚ ಸೇರಿ ರೂ. 410.

ಒಂದು ಭಾನುವಾರ ಮಾಸ್ತರು ನಮ್ಮಿಬ್ಬರನ್ನೂ ಉಣಕಲ್ ಕೆರೆಯ ದಂಡೆಗೆ ಕರೆದೊಯ್ದರು. ನೀರಿನ ಮೇಲೆ ಅಂತರಗಂಗೆಯ ನೇರಳೆ ಹೂವು. “ಎಷ್ಟು ಛಂದ ನೋಡ್ರಿ” ಎಂದರು. “ಛಂದ ಐತ್ರಿ ಮಾಸ್ತರ, ಆದ್ರ ಕೆರಿ ಉಸಿರು ಕಟ್ಟಸತೈತಿ” ಎಂದೆ. ಅವರು ನಕ್ಕು, “ಹಂಗಾರ ಎರಡೂ ಕಾಣೂಹಂಗ ಬರೀರಿ” ಎಂದರು. ಇವತ್ತಿಗೂ ಅದು ನನಗೆ ಸಾಧಿಸಿಲ್ಲ.

99 ಅಡಿಗೆ 99 ಅಡಿ

ಏಪ್ರಿಲ್ ಕೊನೆಗೆ ಮಾಸ್ತರು ಕೊಟ್ಟ ಕೆಲಸ, ಹಿತ್ತಲಿನ ನಕಾಶೆ. ನಿಜವಾದ ಅಳತೆಯಲ್ಲಿ. ಒಂದು ಗುಂಟೆ ಎಂದರೆ 33 ಅಡಿಗೆ 33 ಅಡಿ, 1089 ಚದರ ಅಡಿ. ನಮ್ಮ ಹಿತ್ತಲ 99ಕ್ಕೆ 99. ಅಂದರೆ ಒಂಬತ್ತು ಸರಿ ಚೌಕ. ಮೊಮ್ಮಗಳ ಗಣಿತದ ಚೌಕುಳಿ ವಹಿಯ ಹಾಳೆ ಜೋಡಿಸಿ, ಮೂರು ಅಡಿಗೆ ಒಂದು ಮನೆಯಂತೆ ಲೆಕ್ಕ ಇಟ್ಟೆವು. ಹಗ್ಗದಲ್ಲಿ ಗಂಟು ಹಾಕಿ ಅಳೆದೆವು. ಪ್ರತಿಯೊಂದು ಗಿಡಕ್ಕೂ ಅದು ನಿಂತಲ್ಲೇ ಅದರದೇ ಬಣ್ಣದ ಹಸಿರು. ಪಕ್ಕದಲ್ಲಿ ಯಾವ ತಿಂಗಳಿಗೆ ಏನು ಬರುತ್ತದೆ ಎಂದು ಬರೆದೆವು. ಮೂರು ದಿನ ಹಿಡಿಯಿತು.

ಮೇ 7ಕ್ಕೆ ಮಗ ಬಂದ. ಮತ ಹಾಕಿ ಬಂದು ಸಂಜೆ ಮಾತು ತೆಗೆದ. ಕೊಳ್ಳುವವರು ಕೇಳಿದ್ದು ರಸ್ತೆಗುಂಟ 44 ಅಡಿ ಅಗಲ, 99 ಅಡಿ ಉದ್ದ. 4356 ಚದರ ಅಡಿ, ಸರಿಯಾಗಿ ನಾಲ್ಕು ಗುಂಟೆ. “ಅವ್ವಾ, ನಿನಗ ಕೆಟ್ಟ ಅನಸ್ತೈತಿ, ಗೊತ್ತು. ಆದ್ರ ಸಂಕಟಪಟ್ರ ಸಾಲಾ ತೀರೂದಿಲ್ಲ” ಎಂದ.

ನಾನು ಏನೂ ಅನ್ನದೆ ನಕಾಶೆ ಹಾಸಿದೆ. ಪೆನ್ಸಿಲ್ ಕೊಟ್ಟು, “ಎಲ್ಲಿಂದ ಎಲ್ಲಿಗೆ, ಗೆರಿ ಹೊಡಿ” ಎಂದೆ.

ರಸ್ತೆಯಿಂದ 44 ಅಡಿಗೆ ಗೆರೆ ಎಳೆದ. ರಸ್ತೆಯಿಂದ 18 ಅಡಿಗೆ ಅತ್ತೆಯವರು ಹಚ್ಚಿದ ಆಪೂಸು ಮಾವು, 31 ಅಡಿಗೆ ಬಾವಿ. ಎರಡೂ ಗೆರೆಯ ಆಚೆ ಹೋದವು. ಮಗ ಪೆನ್ಸಿಲ್ ಹಿಡಿದುಕೊಂಡೇ ಕೂತ. ಬಾವಿ ಹೋದರೆ ಉಳಿದ ಐದು ಗುಂಟೆಗೆ ನೀರೆಲ್ಲಿಂದ? ನಳದ ನೀರು ಕುಡಿಯಲಿಕ್ಕೆ ಸಾಕಾದರೆ ಪುಣ್ಯ. ಅವನು ಇದೇ ಹಿತ್ತಲಲ್ಲಿ ಆಡಿ ಬೆಳೆದವನು. ಬಾವಿ ಎಲ್ಲಿದೆ ಎಂದು ಗೊತ್ತಿಲ್ಲದವನಲ್ಲ. ಫೋನಿನಲ್ಲಿ ‘ನಾಲ್ಕು ಗುಂಟೆ’ ಎಂದಾಗ ಮಾತ್ರ ಅದು ಬರೀ ಅಂಕಿಯಾಗಿತ್ತು. ನನಗೂ ಹಾಗೆಯೇ ಆಗಿತ್ತು.

ಯಜಮಾನರು ಕನ್ನಡಕ ಹಾಕಿಕೊಂಡು ಬಗ್ಗಿದರು. ಬಹಳ ಹೊತ್ತು ನೋಡಿ ಬೆರಳನ್ನು ಉತ್ತರದ ಅಂಚಿಗೆ ಇಟ್ಟರು. “ಹಿಂಗ್ಯಾಕ ಕೊಡಬಾರದು?” ಉತ್ತರಕ್ಕೆ 44 ಅಡಿ, ಉದ್ದ 99. ಅದೂ ನಾಲ್ಕೇ ಗುಂಟೆ. ಅಲ್ಲಿರುವುದು ಬಿದ್ದ ದನದ ಕೊಟ್ಟಿಗೆ, ಜಾಲಿ, ಎರಡು ನುಗ್ಗೆ, ಒಂದು ದಾಳಿಂಬೆ. ಕೊಳ್ಳುವವರಿಗೆ ರಸ್ತೆಗೆ 44 ಅಡಿ ಮುಖ ಸಿಗುತ್ತದೆ. ನಮಗೆ 55 ಅಡಿ ಉಳಿಯುತ್ತದೆ. ಬಾವಿ, ಮಾವು, ಲಿಂಬೆ, ತರಕಾರಿ ಮಡಿ ನಮ್ಮ ಕಡೆ.

ರಸ್ತೆ ಮುಖ ಕಡಿಮೆಯಾಯಿತೆಂದು ಕೊಳ್ಳುವವರು ದರ ಇಳಿಸಿದರು. ಎರಡು ದಿನ ಎಳೆದಾಡಿ ಬಸವ ಜಯಂತಿಯ ದಿನ, ಮೇ 10ಕ್ಕೆ, ಒಪ್ಪಿಕೊಂಡರು. ಬಂದ ಹಣದಲ್ಲಿ ಸಾಲ ತೀರಿತು. ಹಿಂದಿನ ಅಳತೆಗೇ ಕೊಟ್ಟಿದ್ದರೆ ಕೈಯಲ್ಲಿ ಇನ್ನಷ್ಟು ಉಳಿಯುತ್ತಿತ್ತು ನಿಜ. ಬಾವಿ ಇರುತ್ತಿರಲಿಲ್ಲ.

ಹಿತ್ತಲ ಪೂರಾ ಉಳಿಯಿತು ಎಂದು ಬರೆಯುವ ಆಸೆ ನನಗೂ ಇತ್ತು. ಹಾಗಾಗಲಿಲ್ಲ. ನಾಲ್ಕು ಗುಂಟೆ ಹೋಯಿತು. ಗಡಿ ಕಲ್ಲು ಹಾಕುವ ಮುನ್ನ ನಾನು, ಮೊಮ್ಮಗಳು ಎರಡು ಸಂಜೆ ಅಲ್ಲೇ ಕೂತು ನುಗ್ಗೆ, ದಾಳಿಂಬೆ ಎರಡನ್ನೂ ಬರೆದೆವು. ದಾಳಿಂಬೆ ಹೂವಿನ ಕೆಂಪು ಡಬ್ಬಿಯ ಯಾವ ಕೆಂಪಿಗೂ ಕೂಡಲಿಲ್ಲ.

ಜೂನ್‌ನಲ್ಲಿ ಮೃಗಶಿರಾ ಮಳೆ ಹಿಡಿಯಿತು. ಕಡಿಯುವ ಮೊದಲೇ ನುಗ್ಗೆಯ ತೋಳು ಗಾತ್ರದ ನಾಲ್ಕು ಕೊಂಬೆ ಕತ್ತರಿಸಿ ನೆರಳಲ್ಲಿ ಇಟ್ಟಿದ್ದೆ. ಬಾವಿಯ ಹತ್ತಿರ ನೆಟ್ಟೆ. ಮೂರು ಚಿಗುರಿದವು. ನಕಾಶೆಯಲ್ಲಿ ಅವಕ್ಕೆ ಜಾಗ ಮಾಡಿ ಹಸಿರು ಹಚ್ಚಿದ್ದೇನೆ. ಹಳದಿ ಹೆಚ್ಚಿರುವ ಹಸಿರು.

ಮಾಸ್ತರ ಮನೆಗೆ ಪಲ್ಲೆ ಈಗಲೂ ಹೋಗುತ್ತದೆ. ಪಾಠವೂ ನಡೆದಿದೆ. ಮೊಮ್ಮಗಳು ಲೋಯರ್ ಗ್ರೇಡ್ ಪರೀಕ್ಷೆಗೆ ಕೂತಳು. “ಆಯಿ, ನೀನೂ ಕೂಡು” ಎನ್ನುತ್ತಾಳೆ. ನೋಡೋಣ.

ನೀವೂ ಚಿತ್ರದ ವಹಿ ಇಡುವುದಾದರೆ

* ಚೌಕುಳಿ ವಹಿ, ಪೆನ್ಸಿಲ್, ಒಂದು ಭೂತಗನ್ನಡಿ ಸಾಕು. ಬಣ್ಣ ಆಮೇಲೆ.
* ದಿನಕ್ಕೊಂದು ಎಲೆ. ತಾರೀಖು, ಗಿಡದ ಹೆಸರು, ಎಲೆ ಕೆಳಗಿನದೋ ತುದಿಯದೋ ಬರೆದಿಡಿ.
* ಎಲೆಯ ಬೆನ್ನನ್ನೂ ಬರೆಯಿರಿ. ರೋಗ-ಹುಳ ಹೆಚ್ಚಾಗಿ ಅಡಗುವುದು ಅಲ್ಲೇ.
* ಮುರುಟಿದ್ದರೆ ಅಂಚು ಮೇಲಕ್ಕೋ ಕೆಳಕ್ಕೋ, ಹಳದಿಯಾಗಿದ್ದರೆ ಹಳೇ ಎಲೆಯೋ ಎಳೆಯದೋ ನೋಡಿ ಗುರುತಿಸಿ. ಔಷಧಿ ಕೇಳಲು ಹೋಗುವಾಗ ಚಿತ್ರ, ರೆಂಬೆ ಎರಡೂ ಕೈಯಲ್ಲಿರಲಿ.
* ಜಮೀನಿನ ನಕಾಶೆಯನ್ನು ಮನೆಯವರೆಲ್ಲ ಕೂಡಿ ಅಳೆದು ಬರೆಯಿರಿ. ಪಾಲು, ಮಾರಾಟ, ಪೈಪು, ಬದು, ಯಾವ ಮಾತೇ ಬರಲಿ, ಮೊದಲು ಅದನ್ನು ಹಾಸಿ ಕೂಡಿರಿ.

ಚಿತ್ರ ಚೆಂದ ಬರಬೇಕೆಂದಿಲ್ಲ. ನನ್ನ ಬದನೆ ಎಲೆ ಈಗಲೂ ಅಷ್ಟು ಚೆಂದ ಬರುವುದಿಲ್ಲ. ವೀಳ್ಯದೆಲೆಯಂತೆ ಮಾತ್ರ ಕಾಣುವುದಿಲ್ಲ.